ಬೀಳು ಭೂಮಿ ಯಾರ ಪಾಲಿಗೆ ಬೀಳು?

ಸರ್ಕಾರಿ ಕಡತಗಳಲ್ಲಿ ‘ಬೀಳು’ ಎಂದು ದಾಖಲಾದ ನೆಲ ಹಳ್ಳಿಗರ ಪಾಲಿಗೆ ಬೀಳಾಗಿರುವುದು ಅಪರೂಪ. ಊರ ದನಗಳು ಮೇಯುವುದು ಅಲ್ಲಿ. ಬಡವರ ಒಲೆಗೆ ಪುಳ್ಳೆ, ಸೂರಿಗೆ ಹುಲ್ಲು ಬರುವುದೂ ಅಲ್ಲಿಂದಲೇ. ತುಂಡು ಹೊಲವಿಲ್ಲದವರೂ ನಾಲ್ಕು ಆಡು ಸಾಕಿ ಬದುಕಲು ಸಾಧ್ಯವಾಗುವುದು ಇಂಥ ನೆಲದಿಂದ.

ಕರ್ನಾಟಕ ಸರ್ಕಾರ 1984ರ ನವೆಂಬರ್ 14ರಂದು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿತು. ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಊರೊಟ್ಟಿನ ನೆಲವನ್ನು ಅದಕ್ಕಾಗಿ ಗುರುತಿಸಲಾಯಿತು. ಅಲ್ಲಿ ಬೆಳೆಯಬೇಕಾಗಿದ್ದುದು ಮುಖ್ಯವಾಗಿ ನೀಲಗಿರಿ. ರೇಯಾನ್ ತಯಾರಿಕೆಗೆ ಬೇಕಾದ ತಿರುಳು ಅದರಿಂದ ಸಿಗುತ್ತದೆ. ದನ ಮಾತ್ರ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಕಂಪನಿಯಲ್ಲಿ ಸರ್ಕಾರದ ಪಾಲು ಶೇ 51, ಹರಿಹರ ಪಾಲಿಫೈಬರ್ಸ್‌ನದು ಶೇ 49. ಕಾಗದದ ಮೇಲೆ ಸರ್ಕಾರವೇ ದೊಡ್ಡ ಪಾಲುದಾರ, ಆದರೆ ಮರ ಹೋಗಬೇಕಾದದ್ದು ಕಾರ್ಖಾನೆಗೆ. ಹುಲ್ಲು ಕಳೆದುಕೊಳ್ಳುವವರಿಗೆ ಯಾವ ಪಾಲೂ ಇರಲಿಲ್ಲ!

ಇದೇ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ದಡದ ಹಳ್ಳಿಗಳವರು 1984ರಲ್ಲೇ ಪ್ರತಿಭಟಿಸಿದ್ದರು. ಅವರ ಜೊತೆಗಿದ್ದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವೇ ಗೋಮಾಳದ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಆಗಲೇ ಎಂಬತ್ತು ದಾಟಿದ್ದ ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚ್‌ನಲ್ಲಿ ಇನ್ನಷ್ಟು ನೆಲದ ಹಸ್ತಾಂತರಕ್ಕೆ ನ್ಯಾಯಾಲಯ ತಡೆ ನೀಡಿತು.

ಆದರೆ ಅಷ್ಟರಲ್ಲಿ ನೆಟ್ಟಿದ್ದ ನೀಲಗಿರಿ ನೆಲದಲ್ಲೇ ಇತ್ತಲ್ಲ! ಒಪ್ಪಂದವಾಗಿ ಸರಿಯಾಗಿ ಮೂರು ವರ್ಷಕ್ಕೆ, 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ಮೆರವಣಿಗೆಯಲ್ಲಿ ನೆಡುತೋಪಿಗೆ ನಡೆದು ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಹಣ್ಣು ಮತ್ತು ಮೇವು ಕೊಡುವ ಊರ ಮರಗಳ ಸಸಿ ನೆಟ್ಟರು. ಚಳವಳಿಯ ಹೆಸರೇ ‘ಕಿತ್ತಿಕೋ-ಹಚ್ಚಿಕೋ’. ಸಸಿ ನೆಡುವುದಕ್ಕೆ ಆ ಸೀಮೆಯವರು ‘ಹಚ್ಚುವುದು’ ಎನ್ನುತ್ತಾರೆ. ಹೆಸರಿನಲ್ಲಿ ಕೀಳುವುದಕ್ಕಿರುವಷ್ಟೇ ಸ್ಥಾನ ಹಚ್ಚುವುದಕ್ಕೂ ಇತ್ತು.

1991ರಲ್ಲಿ ಕಂಪನಿ ಮುಚ್ಚಿತು. ಆಗ ಅದಕ್ಕೆ ಏಳು ವರ್ಷ. ನೆಟ್ಟ ನೀಲಗಿರಿ ಮೊದಲ ಕಟಾವಿಗೆ ಬರಲು ಹೆಚ್ಚುಕಡಿಮೆ ಬೇಕಾಗುವಷ್ಟೇ ಕಾಲ.