ಕೆಳಗೆ ನೋಡುವ ದೂರದರ್ಶಕಗಳು



ದೂರದರ್ಶಕ ಎಂದೊಡನೆ ಆಕಾಶದತ್ತ ಮುಖ ಮಾಡಿದ ಕೊಳವೆಯೊಂದು ನಿಮ್ಮ ಕಣ್ಣ ಮುಂದೆ ಬರುತ್ತದೆ. ಗೆಲಿಲಿಯೊನ ಕಾಲದಿಂದಲೂ ಅದು ಮೇಲಕ್ಕೆ ನೋಡುವ ಉಪಕರಣವೇ ಸರಿ. ಆದರೆ ಭೂಮಿಯಿಂದ 400 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಅಲ್ಲಿಂದ ತಿರುಗಿ ಭೂಮಿಯನ್ನೇ ನೋಡುವ ದೂರದರ್ಶಕಗಳೂ ಉಂಟು. ಅವು ಕಾಯುವುದು ಮಾತ್ರ ನಮ್ಮ ಗೆಲಾಕ್ಸಿಯ ಆಚೆಯಿಂದ ಬರುವ ಅತಿಥಿಗಾಗಿ. ಈ ವಿಚಿತ್ರ ಏರ್ಪಾಡು ಏಕೆ ಬೇಕಾಯಿತು? ಉತ್ತರಕ್ಕಾಗಿ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1912ರ ಆಗಸ್ಟ್ 7ರಂದು ಆಸ್ಟ್ರಿಯದ ವಿಕ್ಟರ್ ಹೆಸ್ ಬಲೂನಿನಲ್ಲಿ ಕುಳಿತು ಸುಮಾರು 5,300 ಮೀಟರ್ ಎತ್ತರಕ್ಕೆ ಏರಿದರು. ಗಾಳಿಯನ್ನು ಅಯಾನುಗಳಾಗಿ ಒಡೆಯುವ ವಿಕಿರಣವು ನೆಲದೊಳಗಿನಿಂದಲೇ ಬರುತ್ತದೆ ಎಂಬುದು ಅಂದಿನ ನಂಬಿಕೆ. ಹಾಗಿದ್ದರೆ ಮೇಲೇರಿದಂತೆ ಅದು ಕಡಿಮೆಯಾಗಬೇಕು. ಹೆಸ್ ಕಂಡದ್ದು ಇದಕ್ಕೆ ವಿರುದ್ಧ: ಒಂದು ಎತ್ತರ ದಾಟಿದ ಮೇಲೆ ವಿಕಿರಣ ಹೆಚ್ಚುತ್ತಲೇ ಹೋಯಿತು. ಅದು ಹೊರಗಿನಿಂದ ಬರುತ್ತಿತ್ತು. ಈ ವಿಶ್ವಕಿರಣಗಳ ಶೋಧಕ್ಕಾಗಿ ಹೆಸ್ ಅವರಿಗೆ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಿರಣವೆಂದು ಹೆಸರಾದರೂ ಇವು ಬಹುಪಾಲು ಕಣಗಳು: ಪ್ರೋಟಾನ್‌ಗಳು ಮತ್ತು ಇತರ ಪರಮಾಣು ಬೀಜಗಳು. ಅಂಥ ಒಂದು ಕಣ ವಾಯುಮಂಡಲಕ್ಕೆ ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವು ಮತ್ತಷ್ಟನ್ನು ಹುಟ್ಟಿಸುತ್ತವೆ. ಹೀಗೆ ಒಂದರಿಂದ ಕೋಟಿಗಟ್ಟಲೆಯಾಗಿ ಕಣಗಳ ಸುರಿಮಳೆಯೇ ಇಳಿಯುತ್ತದೆ. ಇಂಥ ಮಳೆ ಹೇಗೆ ಬೆಳೆಯುತ್ತದೆಂದು 1937ರಲ್ಲಿ ಗಣಿತದ ಮೂಲಕ ವಿವರಿಸಿದವರಲ್ಲಿ ನಮ್ಮ ಹೋಮಿ ಭಾಭಾ ಒಬ್ಬರು; ಜೊತೆಗಿದ್ದವರು ವಾಲ್ಟರ್ ಹೈಟ್ಲರ್. ಮರುವರ್ಷ ಫ್ರಾನ್ಸಿನ ಪಿಯರ್ ಒಜೆ ದೂರ ದೂರ ಇಟ್ಟ ಉಪಕರಣಗಳು ಒಂದೇ ಕ್ಷಣದಲ್ಲಿ ಮಿಡಿಯುವುದನ್ನು ಕಂಡು, ಒಂದೇ ಮಳೆ ನೂರಾರು ಮೀಟರ್ ಹರಡುತ್ತದೆಂದು ತೋರಿಸಿದರು.

ಎರಡನೆಯ ಮಹಾಯುದ್ಧ ಆರಂಭವಾದಾಗ ಭಾಭಾ ಭಾರತದಲ್ಲಿದ್ದರು. ಕೇಂಬ್ರಿಜ್‌ಗೆ ಮರಳಲಾಗದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕ ಕಟ್ಟಿದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಒಂದೇ ವಿಷಯವನ್ನು ಅರಿಯಲು ಒಬ್ಬರು ಬಲೂನು ಹತ್ತಿದರು, ಇನ್ನೊಬ್ಬರು ಗಣಿಗಿಳಿದರು!

ಈ ನಡುವೆ ದೊಡ್ಡ ಒಗಟೊಂದು ಎದುರಾಯಿತು. 1962ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಜಾನ್ ಲಿನ್ಸ್‌ಲಿ ಅವರ ಉಪಕರಣಗಳು ದಾಖಲಿಸಿದ ಕಣದ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಬರೆಯಲು 1ರ ಮುಂದೆ 20 ಸೊನ್ನೆ ಬೇಕು. 1991ರಲ್ಲಿ ಯೂಟಾದಲ್ಲಿ ಅದರ ಮೂರು ಪಟ್ಟು ಶಕ್ತಿಯ ಕಣ ಸಿಕ್ಕಿತು. ಸ್ಪಿನ್ ಬೌಲರ್ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲಿರುವಷ್ಟು ಶಕ್ತಿ, ಪರಮಾಣುವಿಗಿಂತ ಚಿಕ್ಕದಾದ ಒಂದೇ ಕಣದಲ್ಲಿ! 2021ರಲ್ಲಿ ಅದೇ ಯೂಟಾದಲ್ಲಿ ಕಂಡ, 'ಅಮತೆರಾಸು' ಎಂದು ಹೆಸರಾದ ಕಣವೂ ಇದೇ ಜಾತಿಯದು. ಅದು ಬಂದ ದಿಕ್ಕಿನಲ್ಲಿ ನೋಡಿದರೆ ಗೆಲಾಕ್ಸಿಗಳೇ ವಿರಳವಾದ ಬಯಲು. ಇವುಗಳಿಗೆ ಇಷ್ಟು ಶಕ್ತಿ ಕೊಟ್ಟವರಾರು? ಇಂದಿಗೂ ಉತ್ತರವಿಲ್ಲ.

ಉತ್ತರ ಸಿಗದಿರಲು ಮುಖ್ಯ ಕಾರಣ ಇವು ಅತಿ ವಿರಳವೆಂಬುದು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ನೂರು ವರ್ಷ ಕಾದರೂ ಇಂಥ ಒಂದು ಕಣ ಬರುವ ಖಾತ್ರಿಯಿಲ್ಲ. ಹಾಗಾಗಿ ಅರ್ಜೆಂಟೀನಾದಲ್ಲಿ ಒಜೆ ಅವರ ಹೆಸರಿನ ವೀಕ್ಷಣಾಲಯವನ್ನು 3,000 ಚದರ ಕಿಲೋಮೀಟರ್ ಹರಡಿ ಕಟ್ಟಿದರು. ಇದು ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. ಇದಕ್ಕೂ ಹಿಗ್ಗಿಸಬೇಕೆಂದರೆ ನೆಲ ಎಲ್ಲಿಂದ ತರುವುದು?

ಲಿನ್ಸ್‌ಲಿ 1980ರ ಆಸುಪಾಸಿನಲ್ಲೇ ಒಂದು ದಾರಿ ಸೂಚಿಸಿದ್ದರು. ಕಣಗಳ ಸುರಿಮಳೆ ಇಳಿಯುವಾಗ ಗಾಳಿಯಲ್ಲಿನ ನೈಟ್ರೋಜನ್ ಮಂದವಾಗಿ ಹೊಳೆಯುತ್ತದೆ. ಆ ಬೆಳಕು ಹೆಚ್ಚಾಗಿ 300ರಿಂದ 400 ನ್ಯಾನೋಮೀಟರ್ ತರಂಗಾಂತರದ್ದು; ಅಂದರೆ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ. ಕಕ್ಷೆಯಿಂದ ಕೆಳಗೆ ನೋಡಿದರೆ ಇಡೀ ವಾಯುಮಂಡಲವನ್ನೇ ಉಪಕರಣದ ಭಾಗವಾಗಿ ಬಳಸಬಹುದಲ್ಲವೇ? ಯೋಚನೆ ಸೊಗಸಾಗಿತ್ತು.

ಆದರೆ ಇಲ್ಲೊಂದು ತೊಡಕಿತ್ತು. ರಾತ್ರಿಯ ಭೂಮಿ ಅತಿನೇರಳೆಯಲ್ಲಿ ಪೂರ್ತಿ ಕತ್ತಲೆಯಲ್ಲ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಕ್ಸಿಜನ್ ತಾನೇ ನಸುವಾಗಿ ಬೆಳಗುತ್ತದೆ. ಬೆಳದಿಂಗಳು ಮೋಡದಿಂದ ಪ್ರತಿಫಲಿಸುತ್ತದೆ. ಮಿಂಚು, ಉಲ್ಕೆ, ಊರಿನ ದೀಪ, ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಬೇಕಾದರೆ ಮೊದಲು ಗದ್ದಲವನ್ನು ಅರಿಯಬೇಕು. ರಷ್ಯಾದ ತತ್ಯಾನಾ ಉಪಗ್ರಹ 2005ರಲ್ಲಿ ಈ ಬೆಳಕನ್ನು ಅಳೆಯತೊಡಗಿತು. 2016ರ ಏಪ್ರಿಲ್‌ನಲ್ಲಿ ಲೊಮೊನೊಸೊವ್ ಉಪಗ್ರಹದ ಜೊತೆ 'ಟುಸ್' ಮೇಲೇರಿತು. ಅತಿಶಕ್ತಿಯ ವಿಶ್ವಕಿರಣಗಳಿಗಾಗಿಯೇ ಕಕ್ಷೆ ಸೇರಿದ ಮೊದಲ ದೂರದರ್ಶಕ ಇದು.

ಅದೇ ವರ್ಷದ ಅಕ್ಟೋಬರ್ 3ರಂದು ಅಮೆರಿಕದ ಮಿನೆಸೋಟ ರಾಜ್ಯದ ಮೇಲೆ ಹಾಯುವಾಗ ಟುಸ್ ಒಂದು ಮಿನುಗನ್ನು ಹಿಡಿಯಿತು. ಅದು ಚಲಿಸಿದ ರೀತಿ, ಬೆಳಗಿ ಆರಿದ ರೀತಿ, ಎರಡೂ ಕಣಗಳ ಸುರಿಮಳೆಯನ್ನೇ ಹೋಲುತ್ತಿದ್ದವು. ವಿಜ್ಞಾನಿಗಳು ಕುಣಿದಾಡಬಹುದಿತ್ತು. ಅವರು ಲೆಕ್ಕಕ್ಕೆ ಕುಳಿತರು. ಅಷ್ಟು ಬೆಳಕಿಗೆ ಬೇಕಾದ ಶಕ್ತಿ 1ರ ಮುಂದೆ 21 ಸೊನ್ನೆಯಷ್ಟು. ನೆಲದ ಯಾವ ವೀಕ್ಷಣಾಲಯವೂ ಅಂಥದ್ದನ್ನು ಕಂಡಿಲ್ಲ. ಕೆಳಗೆ ಮನುಷ್ಯರು ಹಚ್ಚಿದ ದೀಪಗಳ ಸಾಧ್ಯತೆಯೂ ಇತ್ತು. ಆದ್ದರಿಂದ ಅದನ್ನು ವಿಶ್ವಕಿರಣವೆಂದು ಅವರು ಸಾರಲಿಲ್ಲ.

2019ರ ಆಗಸ್ಟ್‌ನಲ್ಲಿ ಇಟಲಿ, ರಷ್ಯಾ, ಜಪಾನ್ ಮೊದಲಾದ ದೇಶಗಳ ವಿಜ್ಞಾನಿಗಳು ಕಟ್ಟಿದ 'ಮಿನಿ-ಯೂಸೋ' ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಯಿತು. ಅತಿನೇರಳೆಯನ್ನು ಹಾಯಗೊಡುವ ಕಿಟಕಿಯೊಂದಕ್ಕೆ ಅದನ್ನು ಅಳವಡಿಸಿ ನೋಡುತ್ತಾರೆ. ಅದರ ಮಸೂರಗಳ ವ್ಯಾಸ ಕೇವಲ 25 ಸೆಂಟಿಮೀಟರ್. ಆದರೂ ಒಂದು ನೋಟಕ್ಕೆ ಸುಮಾರು 300 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶ ಸಿಗುತ್ತದೆ. ಹೆಚ್ಚು ಕಡಿಮೆ ಅರ್ಧ ಕರ್ನಾಟಕ! ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡೂವರೆ ಭಾಗದಷ್ಟು ಕಾಲದ ಬದಲಾವಣೆಯನ್ನೂ ಅದು ಗುರುತಿಸಬಲ್ಲದು.

ಇಷ್ಟು ಚಿಕ್ಕ ಮಸೂರಕ್ಕೆ ವಿಶ್ವಕಿರಣ ಸಿಗುವ ಸಂಭವ ತೀರ ಕಡಿಮೆಯೆಂದು ಅದನ್ನು ಕಟ್ಟಿದವರಿಗೆ ಮೊದಲೇ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಭೂಮಿಯ ಇರುಳಿನ ಅತಿನೇರಳೆ ನಕ್ಷೆ. ಅದು ಸಿಕ್ಕಿತು: ಕಡಲು, ನೆಲ, ಮೋಡ, ಪಟ್ಟಣಗಳು ಯಾವ ರಾತ್ರಿ ಎಷ್ಟು ಬೆಳಗುತ್ತವೆ ಎಂಬ ಲೆಕ್ಕ. ಜೊತೆಗೆ ಸಾವಿರಾರು ಉಲ್ಕೆಗಳು. ಗುಡುಗುಮೋಡಗಳ ಬಹು ಮೇಲೆ, ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ, ಉಂಗುರದಂತೆ ಹರಡಿ ಮಾಯವಾಗುವ 'ಎಲ್ವ್ಸ್' ಎಂಬ ಬೆಳಕು.

ಬಲೂನಿನಲ್ಲೂ ಪ್ರಯತ್ನ ನಡೆಯಿತು. 2017ರಲ್ಲಿ ಮತ್ತು 2023ರಲ್ಲಿ ನ್ಯೂಜಿಲೆಂಡಿನಿಂದ ಹಾರಿಬಿಟ್ಟ ದೊಡ್ಡ ಬಲೂನುಗಳು ನೂರು ದಿನ ತೇಲಲಿ ಎಂಬ ಆಸೆಯಿತ್ತು. ಎರಡೂ ಸೋರಿದವು. ಮೊದಲನೆಯದು 12 ದಿನಕ್ಕೆ, ಎರಡನೆಯದು ಎರಡು ದಿನದೊಳಗೆ ಶಾಂತಸಾಗರಕ್ಕೆ ಇಳಿದವು. ವರ್ಷಗಟ್ಟಲೆಯ ದುಡಿಮೆ ನೀರು ಪಾಲಾಯಿತು.

ಮಿತ್ರರೇ, ಇದುವರೆಗೆ ಕಕ್ಷೆಯ ಯಾವ ದೂರದರ್ಶಕವೂ 'ಇಗೋ ಅತಿಶಕ್ತಿಯ ವಿಶ್ವಕಿರಣದ ಸುರಿಮಳೆ' ಎಂದು ನಿಸ್ಸಂದೇಹವಾಗಿ ತೋರಿಸಿಲ್ಲ. ಹಾಗೆಂದು ಇದನ್ನು ಸೋಲಿನ ಕಥೆ ಎಂದು ತಿಳಿಯಬೇಡಿ. ಮಿನೆಸೋಟದ ಮಿನುಗನ್ನು ಅಂದೇ ಗೆಲುವೆಂದು ಸಾರಿದ್ದರೆ ಮುಂದೆ ಬರುವ ನಿಜವಾದ ಗೆಲುವನ್ನು ಯಾರು ನಂಬುತ್ತಿದ್ದರು? ಪ್ರಯೋಗಶಾಲೆಯಲ್ಲಿ ನಿಮ್ಮ ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ಅಂಕಿ ತಿದ್ದುವ ಆಸೆ ಬರುವುದುಂಟು. ಆಗ ಈ ಟುಸ್‌ನವರನ್ನು ನೆನೆಯಿರಿ. ಕಂಡದ್ದನ್ನು ಕಂಡಷ್ಟೇ ಬರೆದಿಡುವವರಿಂದಲೇ, ಹೆಸ್ ಅವರಿಂದ ಇಂದಿನವರೆಗೆ, ಈ ವಿಜ್ಞಾನ ಬೆಳೆದು ಬಂದಿದೆ. ಮುಂದಿನ ದೊಡ್ಡ ದೂರದರ್ಶಕ ಕಕ್ಷೆಗೆ ಏರುವ ಹೊತ್ತಿಗೆ ಅದರ ದಾಖಲೆಗಳ ಮುಂದೆ ಕುಳಿತು ಲೆಕ್ಕ ಹಾಕುವವರು ನಿಮ್ಮಲ್ಲೇ ಒಬ್ಬರು ಏಕಾಗಬಾರದು?