ಪೋಷಕರನ್ನು ಪೋಷಿಸುವವರು ಯಾರು?

ಮೂರು ವಾರದೊಳಗೆ ಮೂರು ಸಾವು. 2009ರ ಡಿಸೆಂಬರ್ 29ಕ್ಕೆ ಗಾಯಕ ಸಿ. ಅಶ್ವತ್ಥ್ ಹೋದರು. ಮಾರನೇ ದಿನ ಬೆಳಗಾಗುವಷ್ಟರಲ್ಲಿ ವಿಷ್ಣುವರ್ಧನ್ ಇಲ್ಲ ಅನ್ನೋ ಸುದ್ದಿ. ಹತ್ತೊಂಬತ್ತು ದಿನ ಕಳೆದು, 2010ರ ಜನವರಿ 18ಕ್ಕೆ ನಟ ಕೆ.ಎಸ್. ಅಶ್ವತ್ಥ್ ತೀರಿಕೊಂಡರು. ರಾಮಾಚಾರಿಯ ಹಿಂದೆಯೇ ಚಾಮಯ್ಯ ಮೇಷ್ಟ್ರೂ ಹೊರಟುಬಿಟ್ಟರು ಅಂತ ಜನ ಕಣ್ಣೀರು ಹಾಕಿದರು.

ಇಬ್ಬರು ಅಶ್ವತ್ಥರನ್ನು ಒಬ್ಬರೇ ಅಂದುಕೊಂಡವರು ಈಗಲೂ ನನಗೆ ಸಿಗ್ತಾರೆ. ಇಬ್ಬರೂ ಬೇರೆ. ಆದರೆ ಇಬ್ಬರ ಬೇರೂ ಹಾಸನ ಜಿಲ್ಲೆಯಲ್ಲೇ ಇದೆ. ಹಾಡುಗಾರ ಅಶ್ವತ್ಥ್ ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ನಟ ಅಶ್ವತ್ಥರ ಹೆಸರಿನ ಮುಂದಿರುವ 'ಕೆ' ಅಂದರೆ ಕರಗನಹಳ್ಳಿ. ಅದು ಹೊಳೆನರಸೀಪುರ ತಾಲ್ಲೂಕು. ನಮ್ಮ ಕಡೆ ಮನುಷ್ಯ ಊರು ಬಿಟ್ಟರೂ ಊರು ಹೆಸರನ್ನು ಬಿಡೋದಿಲ್ಲ ನೋಡಿ. ವೃತ್ತಿರಂಗಭೂಮಿಯ ನಟನ ಬದುಕನ್ನು 'ನಟಸಾರ್ವಭೌಮ' ಕಾದಂಬರಿಗೆ ತಂದ ಅನಕೃ ಅವರ 'ಅ' ಕೂಡ ಅರಕಲಗೂಡೇ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ನಟ ಅಶ್ವತ್ಥರ ಬಗ್ಗೆ, ಅವರ ಮೂಲಕ 'ಪೋಷಕ ನಟ' ಅನ್ನೋ ಪದದ ಬಗ್ಗೆ. ಪೋಷಕ ಅಂದರೆ ಸಾಕಿ ಸಲಹುವವನು. ಶಾಲೆಯಲ್ಲಿ 'ಪೋಷಕರ ಸಭೆ' ಅಂದರೆ ಅಪ್ಪ-ಅಮ್ಮಂದಿರ ಸಭೆ. ಸಿನಿಮಾವನ್ನು ಸಾಕುವವನು ಪೋಷಕ ನಟ. ಹಾಗಾದರೆ ಅವನನ್ನು ಸಾಕುವವರು ಯಾರು?

ಅಶ್ವತ್ಥ್ ಹುಟ್ಟಿದ್ದು 1925ರ ಮಾರ್ಚ್ 25ರಂದು. 1942ರ ಚಳವಳಿಗೆ ಧುಮುಕಿದ ಹುಡುಗ. ಆಮೇಲೆ ಸರ್ಕಾರಿ ನೌಕರಿ, ಜೊತೆಗೆ ಮೈಸೂರಿನಲ್ಲಿ ನಾಟಕ, ಆಕಾಶವಾಣಿ. 1955ರಲ್ಲಿ 'ಸ್ತ್ರೀರತ್ನ' ಚಿತ್ರದಿಂದ ಬೆಳ್ಳಿತೆರೆಗೆ ಬಂದರು. ಆಗ ವಯಸ್ಸು ಮೂವತ್ತು. ಮುಂದೆ ಅವರ ಪಾಲಿಗೆ ಬಂದದ್ದು ನಾರದ, ಮಂತ್ರಿ, ಮೇಷ್ಟ್ರು, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ. ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ. ಅಂದರೆ ಇಬ್ಬರ ನಡುವೆ ನಾಲ್ಕೇ ವರ್ಷದ ಅಂತರ. ಆದರೂ ತೆರೆಯ ಮೇಲೆ ಇವರು ಅಪ್ಪ, ಅವರು ಮಗ. ಪಂಢರಿಬಾಯಿ ಅಮ್ಮ, ಅಶ್ವತ್ಥ್ ಅಪ್ಪ ಅಂದರೆ ಪ್ರೇಕ್ಷಕರಿಗೆ ಆ ಮನೆ ತಮ್ಮದೇ ಮನೆ ಅನ್ನಿಸೋದು. ಹೀಗೆ ನಾಲ್ಕು ದಶಕ, ಮುನ್ನೂರಕ್ಕೂ ಹೆಚ್ಚು ಚಿತ್ರ.

ಅಂಥ ನಟ ಏನು ಮಾಡ್ತಾನೆ ಅಂತ ಗೊತ್ತಾಗಬೇಕಾದರೆ 1972ರ 'ನಾಗರಹಾವು' ಇನ್ನೊಮ್ಮೆ ನೋಡಿ. ಪುಟ್ಟಣ್ಣ ಕಣಗಾಲರ ಚಿತ್ರ, ತ.ರಾ.ಸು. ಅವರ ಕಥೆ. ನಾವೆಲ್ಲ ಚಾಮಯ್ಯ ಮೇಷ್ಟ್ರನ್ನು ದೇವರಂಥವರು ಅಂತೀವಿ. ಸ್ವಲ್ಪ ತಣ್ಣಗೆ ಯೋಚನೆ ಮಾಡಿ. ಅಲಮೇಲುವನ್ನು ಬಿಟ್ಟುಕೊಡು ಅಂತ ರಾಮಾಚಾರಿಯನ್ನು ಒಪ್ಪಿಸಿದ್ದು ಯಾರು? ಇದೇ ಮೇಷ್ಟ್ರು. ಆ ಹುಡುಗಿಯ ಗತಿ ಏನಾಯಿತು ಅಂತ ನಿಮಗೆ ಗೊತ್ತು. ಮಾರ್ಗರೆಟ್ ಬಂದಾಗಲೂ ಅಡ್ಡ ನಿಂತಿದ್ದು ಮೇಷ್ಟ್ರೇ. ಕೊನೆಗೆ ದುರ್ಗದ ಬೆಟ್ಟದ ಮೇಲೆ ಶಿಷ್ಯನ ಕೈಯಿಂದಲೇ ಬಿದ್ದು ಸಾಯ್ತಾರೆ. ಮೇಷ್ಟ್ರ ಪ್ರೀತಿ ದೊಡ್ಡದು, ಸಲಹೆ ತಪ್ಪು.

ಈ ಪಾತ್ರವನ್ನು ಒಬ್ಬ ಸಾಧಾರಣ ನಟನಿಗೆ ಕೊಟ್ಟಿದ್ದರೆ ಏನಾಗ್ತಿತ್ತು? ಪ್ರೇಕ್ಷಕ ಮೇಷ್ಟ್ರನ್ನು ಬೈದು ಎದ್ದು ಹೋಗ್ತಿದ್ದ. 'ಇಂಥವನ ಮಾತು ಯಾಕೆ ಕೇಳ್ತಾನೆ ಈ ಹುಡುಗ' ಅಂತ ರಾಮಾಚಾರಿಯ ಮೇಲೂ ನಂಬಿಕೆ ಹೋಗ್ತಿತ್ತು. ಅಶ್ವತ್ಥ್ ಧ್ವನಿ ಎತ್ತಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ. ಊರಿಗೆ ಬೇಡವಾದ ಹುಡುಗನನ್ನು ಇವರು ನಂಬಿದ್ದಾರೆ ಅನ್ನೋದನ್ನು ನಡಿಗೆಯಲ್ಲಿ, ಹೆಗಲ ಮೇಲಿಟ್ಟ ಕೈಯಲ್ಲಿ ತೋರಿಸಿದರು. ಆ ಕೈಯನ್ನು ನಂಬಿದ್ದಕ್ಕೇ 22 ವರ್ಷದ ಹೊಸ ಹುಡುಗ ಒಂದೇ ಚಿತ್ರದಲ್ಲಿ ನಾಯಕನಾಗಿ ನಿಂತ. ಆ ಪಾತ್ರಕ್ಕೆ ಅಶ್ವತ್ಥರಿಗೆ ರಾಜ್ಯ ಸರ್ಕಾರದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂತು.

ಪ್ರಶಸ್ತಿ ಬಂತು, ಸರಿ. ದುಡ್ಡಿನ ಲೆಕ್ಕ? ಇಲ್ಲಿ ಇತಿಹಾಸ ಸ್ವಲ್ಪ ತಿಳಿದಿರಬೇಕು. ಹಳೆಯ ನಾಟಕ ಕಂಪನಿಗಳಲ್ಲಿ ಸಂಬಳ ಕಡಿಮೆ, ಕೆಲವೊಮ್ಮೆ ಅದೂ ಬಾಕಿ. ಆದರೆ ಊಟ, ವಸತಿ ಕಂಪನಿಯದು. ರಾಜನ ಪಾರ್ಟು ಮಾಡಿದವನೂ ಸೇವಕನ ಪಾರ್ಟು ಮಾಡಿದವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋರು. ಸಿನಿಮಾ ಬಂದಾಗ ಆ ಪಂಕ್ತಿ ಮುರಿಯಿತು. ನಾಯಕನಿಗೆ ಮಾರ್ಕೆಟ್ ಇದೆ, ಪೋಷಕ ನಟನಿಗೆ ಕಾಲ್‌ಶೀಟ್ ಇದೆ. ಇಷ್ಟು ದಿನಕ್ಕೆ ಇಷ್ಟು, ಅಲ್ಲಿಗೆ ಋಣ ಮುಗೀತು. ಚಿತ್ರ ಬೆಳ್ಳಿಹಬ್ಬ ಆಚರಿಸಿದರೂ ಅಷ್ಟೇ, ನಲವತ್ತು ವರ್ಷ ಟಿವಿಯಲ್ಲಿ ಓಡಿದರೂ ಅಷ್ಟೇ. ನಿಮ್ಮ ಮನೆಯ ಟಿವಿಯಲ್ಲಿ ಚಾಮಯ್ಯ ಮೇಷ್ಟ್ರು ಬಂದಾಗಲೆಲ್ಲ ಜಾಹೀರಾತಿನ ದುಡ್ಡು ಯಾರಿಗೋ ಹೋಗುತ್ತೆ. ಟಿವಿ ಮಂದಿಯ ಪೈಕಿ ನಾನೂ ಒಬ್ಬ. ಆದ್ದರಿಂದ ಈ ಪ್ರಶ್ನೆ ನನ್ನ ಕಡೆಗೂ ತಿರುಗುತ್ತೆ.

ಇದು ಅಶ್ವತ್ಥರೊಬ್ಬರ ಕಥೆಯಲ್ಲ. ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ, ಕಿವಿ ಸರಿಯಾಗಿ ಕೇಳಿಸದಿದ್ದರೂ ಎದುರಿಗಿದ್ದವರ ತುಟಿ ನೋಡಿ ಸಂಭಾಷಣೆ ಹೇಳಿ ನಗಿಸಿದವರು. 'ಬಂಗಾರದ ಮನುಷ್ಯ'ದ ರಾಚೂಟಪ್ಪ. ಕನ್ನಡ ಚಿತ್ರರಂಗಕ್ಕೆ ಸ್ವಂತ ನೆಲ ಬೇಕು ಅಂತ ಅಭಿಮಾನ್ ಸ್ಟುಡಿಯೋ ಕಟ್ಟಲು ಹೋಗಿ ಸಾಲದಲ್ಲಿ ಮುಳುಗಿದರು. 1995ರಲ್ಲಿ ತೀರಿಕೊಂಡರು. ವಿಷ್ಣುವರ್ಧನ್ ಅಂತ್ಯಕ್ರಿಯೆ ನಡೆದದ್ದು ಅದೇ ಸ್ಟುಡಿಯೋ ಆವರಣದಲ್ಲಿ. ಆ ಜಾಗದ ವ್ಯಾಜ್ಯ ನಾಡಿಗೆಲ್ಲ ಗೊತ್ತು. ಆ ನೆಲಕ್ಕೆ ಬೆವರು ಸುರಿಸಿದ ಪೋಷಕ ನಟ ಎಷ್ಟು ಜನರಿಗೆ ನೆನಪಿದ್ದಾರೆ?

ಅಶ್ವತ್ಥರ ಮಗ ಶಂಕರ್ ಅಶ್ವತ್ಥ್ ಕೂಡ ನಟರೇ. ಅವಕಾಶ ಕಡಿಮೆಯಾದಾಗ ಅವರು ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸಿದರು. ದುಡಿಮೆಯಲ್ಲಿ ನಾಚಿಕೆ ಏನಿದೆ? ಏನೂ ಇಲ್ಲ. ಅದು ದೊಡ್ಡ ಸುದ್ದಿಯಾಯಿತು, ಆಮೇಲೆ 2019ರ 'ಯಜಮಾನ'ದಲ್ಲಿ ಪಾತ್ರ, 2021ರಲ್ಲಿ ಬಿಗ್ ಬಾಸ್ ಮನೆ. ನನ್ನ ತಕರಾರು ಬೇರೆ. ಒಬ್ಬ ಕಲಾವಿದ ಕಷ್ಟದಲ್ಲಿದ್ದಾನೆ ಅಂತ ಬ್ರೇಕಿಂಗ್ ನ್ಯೂಸ್ ಬಂದಮೇಲೆ ಮಾತ್ರ ಅವಕಾಶ ಸಿಗಬೇಕಾ? ಸುದ್ದಿಯಾಗದ ಕಲಾವಿದ ಏನು ಮಾಡಬೇಕು?

58 ವರ್ಷ ದಾಟಿದ ಬಡ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ, ಒಪ್ತೀನಿ. ಆದರೆ ಅದು ನೆರವು, ಪಾಲು ಅಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಧನದ ಹಕ್ಕು ಗಟ್ಟಿಯಾಯಿತು. ಕಲಾವಿದರ ಅಭಿನಯವನ್ನು ವ್ಯಾಪಾರಕ್ಕೆ ಬಳಸಿದರೆ ಅವರಿಗೂ ರಾಯಧನ ಸಲ್ಲಬೇಕು ಅನ್ನೋ ಮಾತು ಕಾನೂನಿಗೆ ಬಂತು. ಅಷ್ಟರಲ್ಲಿ ಅಶ್ವತ್ಥ್ ಹೋಗಿ ಎರಡು ವರ್ಷ ಆಗಿತ್ತು. ಕಾನೂನಿನ ಪುಸ್ತಕದಲ್ಲಿರೋ ಆ ಸಾಲು ಪೋಷಕ ನಟನ ಒಪ್ಪಂದದ ಕಾಗದಕ್ಕೆ ಇಳಿಯಬೇಕು. ನಿರ್ಮಾಪಕರು, ವಾಹಿನಿಗಳು, ಕಲಾವಿದರ ಸಂಘ ಒಂದೇ ಮೇಜಿನ ಮುಂದೆ ಕೂತರೆ ಇದು ಆಗದ ಕೆಲಸವೇನಲ್ಲ. ಮರುಪ್ರಸಾರದ ದುಡ್ಡಿನಲ್ಲಿ ನೂರಕ್ಕೆ ಒಂದು ರೂಪಾಯಿ ಅಂತಲೇ ಶುರುವಾಗಲಿ.

ಅದಕ್ಕೂ ಮೊದಲು ನೀವು ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಸಲ ಹಳೆಯ ಸಿನಿಮಾ ಬಂದಾಗ ಚಾನೆಲ್ ಬದಲಿಸಬೇಡಿ, ಆರಂಭದ ಹೆಸರುಗಳನ್ನು ಮಕ್ಕಳಿಗೆ ಓದಿ ಹೇಳಿ. ನಾಯಕನ ಹೆಸರು ಅವರಿಗೆ ಹೇಗೂ ಗೊತ್ತಿರುತ್ತೆ. ಅದರ ಕೆಳಗಿನ ಹೆಸರುಗಳನ್ನು ಓದಿ.