ಗುಜರಿ ನೀತಿ ಮತ್ತು ಹಳೆಯ ಮೋಟಾರುಗಳು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ವಾಹನ ಪರಂಪರೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಎಂಬ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಯಾವುದಕ್ಕೂ ರೈಲು ನಿಲ್ದಾಣವಿಲ್ಲ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನಿಂದ ಹರಿಹರದ ಮೂಲಕ ಪುಣೆಯ ಕಡೆಗೆ ಹೋದ ಹಳಿ ದಾವಣಗೆರೆಯನ್ನು ಮುಟ್ಟಿತು, ಬೀರೂರಿನಲ್ಲಿ ಕವಲೊಡೆದ ಇನ್ನೊಂದು ಹಳಿ ಶಿವಮೊಗ್ಗವನ್ನು ಮುಟ್ಟಿತು. ಆದರೆ ಇವೆರಡರ ನಡುವೆ ಉಳಿದ ಅಡಿಕೆ ಮತ್ತು ಭತ್ತದ ಸೀಮೆಗಾಗಲಿ, ಪೂರ್ವಕ್ಕಿರುವ ಬಯಲುಸೀಮೆಯ ಜಗಳೂರಿಗಾಗಲಿ ರೈಲು ಬರಲೇ ಇಲ್ಲ. ಎತ್ತಿನ ಗಾಡಿಯ ಕಾಲ ಮುಗಿಯುತ್ತ ಬಂದಂತೆ ಈ ಊರುಗಳು ನೇರವಾಗಿ ಮೋಟಾರು ಯುಗಕ್ಕೆ ಕಾಲಿಟ್ಟವು. ಧಾನ್ಯ ಮಾರುಕಟ್ಟೆಗೆ ಹೋದದ್ದು, ಮಕ್ಕಳು ಕಾಲೇಜಿಗೆ ಹೋದದ್ದು, ಬಾಣಂತಿಯರು ಆಸ್ಪತ್ರೆ ಸೇರಿದ್ದು, ಸರ್ಕಾರ ಹಳ್ಳಿಗೆ ಬಂದದ್ದು ಎಲ್ಲವೂ ರಬ್ಬರು ಚಕ್ರದ ಮೇಲೆಯೇ. ಆದ್ದರಿಂದ ಈ ನಾಡಿನ 20ನೆಯ ಶತಮಾನದ ಸಾಮಾಜಿಕ ಇತಿಹಾಸಕ್ಕೆ ಶಾಸನವೂ ಕೋಟೆಯೂ ಸಾಕಾಗುವುದಿಲ್ಲ. ಹಳೆಯ ಬಸ್ಸು, ಲಾರಿ, ಜೀಪು, ಕಾರು ಮತ್ತು ಮೋಟಾರ್ ಸೈಕಲ್ಲುಗಳೂ ಅದಕ್ಕೆ ಮೂಲ ಆಕರಗಳು. ಸರ್ಕಾರದ ವಾಹನ ಗುಜರಿ ನೀತಿಯನ್ನು ಇಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಮೊದಲು ಬಂದದ್ದು ಖಾಸಗಿ ಬಸ್ಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಇತರ ಕಡೆಗಳಂತೆ ಮೈಸೂರು ಸೀಮೆಯಲ್ಲೂ ಬಸ್ಸಿನ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ, ಅದರಿಂದ ಹೊರಡುವ ಅನಿಲದಿಂದ ಎಂಜಿನ್ ಓಡಿಸುವ ಪದ್ಧತಿ ಬಳಕೆಗೆ ಬಂದಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು, 1961ರಲ್ಲಿ ಅದು ನಿಗಮವಾಯಿತು; ಆದರೂ ಶಿವಮೊಗ್ಗ ಮತ್ತು ದಾವಣಗೆರೆ ಭಾಗದ ಅನೇಕ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳು ಇಂದಿಗೂ ಓಡುತ್ತಿವೆ. ಆ ಮೊದಲ ತಲೆಮಾರಿನ ಬಸ್ಸುಗಳ ಮರದ ಚೌಕಟ್ಟು, ಮುಂದಕ್ಕೆ ಚಾಚಿದ ಬಾನೆಟ್ಟು, ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕ್ರಮಗಳನ್ನು ಹಿರಿಯರು ನೆನಪಿನಿಂದ ಹೇಳಬಲ್ಲರೇ ಹೊರತು ಅವನ್ನು ತೋರಿಸಲು ಜಿಲ್ಲೆಯ ಬೀದಿಗಳಲ್ಲಿ ಈಗ ಏನೂ ಉಳಿದಿಲ್ಲ.

ಕಾರಿನ ಕಥೆಯಲ್ಲಿ ಕನ್ನಡ ನಾಡಿನ ಒಂದು ನಿರಾಶೆಯೂ ಸೇರಿದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ತಯಾರಿಸುವ ಕಾರ್ಖಾನೆಗೆ ವಿವರವಾದ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು ಮತ್ತು ಅಮೆರಿಕಗಳಿಗೆ ಹೋಗಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರಲ್ಲಿ ತೊಡಗಿಕೊಂಡರು, ಮೈಸೂರು ಸರ್ಕಾರವೂ ಆಸಕ್ತಿ ತೋರಿತು. ಆದರೆ ಬ್ರಿಟಿಷ್ ಆಡಳಿತದ ಒಪ್ಪಿಗೆ ದೊರೆಯದೆ ಯೋಜನೆ ಬೆಂಗಳೂರಿನಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ. 1940ರಲ್ಲಿ ವಾಲ್‌ಚಂದ್ ಅವರು ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನ ಕಾರ್ಖಾನೆ. ಅವರ ಮೋಟಾರು ಕಂಪನಿಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಆ ಕಂಪನಿಯ ಫಿಯೆಟ್ 1100, ಮುಂದೆ ಅದೇ ಪ್ರೀಮಿಯರ್ ಪದ್ಮಿನಿ, ಮತ್ತು 1957ರ ಸುಮಾರಿಗೆ ಬಂದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ಇವೆರಡೇ ಹೆಚ್ಚಾಗಿ ಕಾಣುತ್ತಿದ್ದ ಕಾರುಗಳು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಒಂದು ಕಾರನ್ನು ಎರಡು ತಲೆಮಾರು ಓಡಿಸುವುದು ಜಿಪುಣತನವಾಗಿರಲಿಲ್ಲ, ರೂಢಿಯಾಗಿತ್ತು.

1960ರ ದಶಕದಲ್ಲಿ ಭದ್ರಾ ಜಲಾಶಯ ಪೂರ್ಣಗೊಂಡು ಚನ್ನಗಿರಿ, ಹೊನ್ನಾಳಿ, ದಾವಣಗೆರೆ, ಹರಿಹರ ಭಾಗಗಳಿಗೆ ನಾಲೆಯ ನೀರು ಹರಿದ ಮೇಲೆ ಈ ಸೀಮೆಯ ವಾಹನಗಳ ಸ್ವರೂಪವೇ ಬದಲಾಯಿತು. ಭತ್ತ ಮತ್ತು ಅಡಿಕೆಯ ಹಣ ಮನೆಗೆ ತಂದ ಮೊದಲ ಯಂತ್ರ ಬಹುಮಟ್ಟಿಗೆ ಟ್ರ್ಯಾಕ್ಟರು ಅಥವಾ ಜೀಪು. ಸ್ವಾತಂತ್ರ್ಯದ ಹೊಸತರಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿದ ವಿಲ್ಲೀಸ್ ಜೀಪು, ಕೆಸರಿನ ತೋಟದ ದಾರಿಗೂ ಮದುವೆಯ ದಿಬ್ಬಣಕ್ಕೂ ಸಮನಾಗಿ ಒದಗಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ನಂತರ ಇದೇ ಜೀಪು ಬಿಡಿಓ, ಅಂದರೆ ಅಭಿವೃದ್ಧಿ ವಲಯದ ಅಧಿಕಾರಿಯ ಗುರುತಾಯಿತು. ಬರಗಾಲದ ಕಾಮಗಾರಿಗಳನ್ನೇ ನೆಚ್ಚಿ ಎಷ್ಟೋ ವರ್ಷ ಕಳೆದ ಜಗಳೂರಿನಂತಹ ತಾಲ್ಲೂಕಿನ ಹಳ್ಳಿಯ ಪಾಲಿಗೆ ಸರ್ಕಾರವೆಂದರೆ ಧೂಳೆಬ್ಬಿಸಿಕೊಂಡು ಬರುವ ಆ ಜೀಪೇ ಆಗಿತ್ತು.

ಇವೆಲ್ಲದರ ನಡುವೆ ಕನ್ನಡ ನಾಡಿನದೇ ಆದ ಒಂದು ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ ಬೈಕನ್ನೂ ಅನಂತರ ಯೆಜ್ಡಿಯನ್ನೂ 1996ರವರೆಗೆ ತಯಾರಿಸಿತು. ಇತರ ಬೈಕುಗಳಲ್ಲಿ ಕಿಕ್ಕರ್ ಒಂದು ಕಡೆ, ಗೇರಿನ ಲಿವರ್ ಇನ್ನೊಂದು ಕಡೆ ಇದ್ದರೆ ಇದರಲ್ಲಿ ಎರಡೂ ಕೆಲಸಕ್ಕೆ ಎಡಗಾಲ ಬಳಿಯ ಒಂದೇ ಲಿವರ್: ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಮೇಲೆತ್ತಿದರೆ ಕಿಕ್ಕರ್, ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ತಂದರೆ ಗೇರು. ಗೇರು ಹಾಕಲು ಆ ಲಿವರನ್ನು ಕಾಲಿನಿಂದ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಎರಡು ಸೈಲೆನ್ಸರುಗಳ ಈ ಬೈಕಿನ ಸದ್ದನ್ನು ಕೇಳಿಯೇ ಬಂದವರು ಯಾರೆಂದು ಊರಿನವರು ಹೇಳುತ್ತಿದ್ದ ಕಾಲವೊಂದಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಕ್ಕೆ ಮತ್ತೊಂದು ಹಳೆಯ ಬೈಕೇ ಗತಿ. ಒಂದನ್ನು ಬಿಚ್ಚಿ ಇನ್ನೊಂದನ್ನು ಉಳಿಸುವ ಮೆಕ್ಯಾನಿಕ್ಕುಗಳ ಜಾಣ್ಮೆಯಿಂದಲೇ ಅವು ಇಂದಿಗೂ ರಸ್ತೆಯ ಮೇಲಿವೆ.

ಹಳೆಯ ವಾಹನದ ನಂಬರ್ ಪ್ಲೇಟೂ ಒಂದು ದಾಖಲೆಯೇ. ಮೈಸೂರು ರಾಜ್ಯದ ಕಾಲದ ಸಂಖ್ಯೆಗಳು ‘ಎಂವೈ’ ಅಕ್ಷರಗಳಿಂದ ಆರಂಭವಾಗುತ್ತಿದ್ದವು. 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬಂದ ಮೇಲೆ ‘ಕೆಎ’ ಸರಣಿ ಬಂದಿತು. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ವಾಹನಗಳು ಕೆಎ-14, ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆಮೇಲೆ ಎಲ್ಲಕ್ಕೂ ಕೆಎ-17. ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ‘ಎಂವೈ’ ಸಂಖ್ಯೆಯ ಒಂದು ಕಾರು ಉಳಿದಿದ್ದರೆ ಅದು ರಾಜ್ಯದ ಹೆಸರು, ಜಿಲ್ಲೆ, ತಾಲ್ಲೂಕು ಮೂರೂ ಬದಲಾದದ್ದಕ್ಕೆ ಸಾಕ್ಷಿ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿಸುರಕ್ಷಿತ ನೋಂದಣಿ ಫಲಕ ಅಳವಡಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದ ಮೇಲೆ ಪೇಂಟರುಗಳು ಕೈಯಿಂದ ಬರೆದ ಫಲಕಗಳೂ ಮರೆಯಾಗುತ್ತಿವೆ. ಸಂಖ್ಯೆ ಉಳಿಯುತ್ತದೆ, ಬರಹ ಹೋಗುತ್ತದೆ.

ಇನ್ನು ಗುಜರಿ ನೀತಿಯ ವಿಷಯ. 2021ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಅದೇ ವರ್ಷದ ಆಗಸ್ಟ್ 13ರಂದು ಚಾಲನೆ ಪಡೆದ ಈ ನೀತಿಯ ಪ್ರಕಾರ ವಾಣಿಜ್ಯ ವಾಹನಗಳು 15 ವರ್ಷದ ನಂತರ, ಖಾಸಗಿ ವಾಹನಗಳು 20 ವರ್ಷದ ನಂತರ ಎಫ್‌ಸಿ, ಅಂದರೆ ವಾಹನ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಗದಿದ್ದರೆ ಅವು ಆಯುಷ್ಯ ಮುಗಿದ ವಾಹನಗಳೆನಿಸುತ್ತವೆ. ನೋಂದಾಯಿತ ಗುಜರಿ ಘಟಕಕ್ಕೆ ವಾಹನ ಒಪ್ಪಿಸಿದವರಿಗೆ ಹೊಸ ವಾಹನದ ಬೆಲೆಯ ಶೇ 4ರಿಂದ 6ರಷ್ಟು ಗುಜರಿ ಮೌಲ್ಯ, ಖಾಸಗಿ ವಾಹನವಾದರೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ದೊರೆಯಬಹುದು. ಉಳಿಸಿಕೊಳ್ಳುವವರಿಗೆ ಮಾತ್ರ ಖರ್ಚು ಏರುತ್ತ ಹೋಯಿತು: ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ, 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ 10,000 ರೂಪಾಯಿಗೆ ಏರಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ದೆಹಲಿಯಲ್ಲಿ ಡೀಸೆಲ್ ವಾಹನಕ್ಕೆ 10, ಪೆಟ್ರೋಲ್ ವಾಹನಕ್ಕೆ 15 ವರ್ಷವೆಂಬ ನ್ಯಾಯಾಲಯದ ಮಿತಿಯ ಸುದ್ದಿಯನ್ನು ಓದಿ ತಮ್ಮ ಕಾರೂ 15 ವರ್ಷಕ್ಕೆ ಗುಜರಿಗೆ ಹೋಗಲೇಬೇಕೆಂದು ಕರ್ನಾಟಕದ ಮಾಲೀಕರು ನಂಬಬೇಕಾಗಿಲ್ಲ. ಇಲ್ಲಿ ಖಾಸಗಿ ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ಪರಂಪರೆಯ ವಾಹನಗಳನ್ನು ಸರ್ಕಾರ ಮರೆತಿದೆ ಎನ್ನುವಂತಿಲ್ಲ. 2021ರ ಜುಲೈನಲ್ಲಿ ಹೊರಬಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ವರ್ಗವಿದೆ. ಹೊಸ ನೋಂದಣಿಗೆ ‘ವಿಎ’ ಅಕ್ಷರಗಳ ಸಂಖ್ಯೆ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಮೊದಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಅಂತಹ ವಾಹನವನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿಯಂತಹ ಕಾರಣಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಲೂಬಾರದು.

ಅರಮನೆಯ ರೋಲ್ಸ್ ರಾಯ್ಸ್‌ಗೆ ಈ ನಿಯಮ ಹೊಂದುತ್ತದೆ, ಚನ್ನಗಿರಿಯ ತೋಟದ ಜೀಪಿಗೆ ಹೊಂದುವುದಿಲ್ಲ. ಪೆಟ್ರೋಲ್ ದುಬಾರಿಯಾದಾಗ ಜೀಪಿಗೂ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಕೂರಿಸುವುದು ಗ್ರಾಮಾಂತರದಲ್ಲಿ ಸಾಮಾನ್ಯವಾಗಿತ್ತು. ಆ ಮಾರ್ಪಾಟೇ ಗ್ರಾಮೀಣ ಮೋಟಾರು ಇತಿಹಾಸದ ಮುಖ್ಯ ಅಧ್ಯಾಯವಾಗಿದ್ದರೂ ನಿಯಮದ ಕಣ್ಣಿಗೆ ಅದು ಅನರ್ಹತೆ. ವಯಸ್ಸಿನ ತೊಡಕು ಇನ್ನೂ ದೊಡ್ಡದು. 1985ರ ಪದ್ಮಿನಿಯೊಂದು ವಿಂಟೇಜ್ ಆಗಲು 2035ರವರೆಗೆ ಕಾಯಬೇಕು, ಅಲ್ಲಿಯವರೆಗೆ ಪ್ರತಿ ಐದು ವರ್ಷಕ್ಕೆ ಶುಲ್ಕ ಕಟ್ಟಿ ಎಫ್‌ಸಿ ಮಾಡಿಸುತ್ತಲೇ ಇರಬೇಕು. 20 ಮತ್ತು 50ರ ನಡುವಿನ ಈ ಮೂವತ್ತು ವರ್ಷಗಳಿಗೆ ನಮ್ಮ ಕಾನೂನಿನಲ್ಲಿ ಹೆಸರೇ ಇಲ್ಲ. ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟವಾದ ಫಿವಾ 30 ವರ್ಷ ದಾಟಿದ, ಸರಿಯಾಗಿ ಕಾಪಾಡಿಕೊಂಡ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಜರ್ಮನಿ 1997ರಿಂದ ಅದೇ 30 ವರ್ಷಕ್ಕೆ ವಿಶೇಷ ನೋಂದಣಿ ಕೊಡುತ್ತಿದೆ. ಅಮೆರಿಕ 2009ರ ತನ್ನ ಗುಜರಿ ಯೋಜನೆಯಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಪಡೆದು, ಮತ್ತೆ ಓಡದಂತೆ ಅವುಗಳ ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಹಾಕಿ ಕೆಡಿಸಿತಾದರೂ, 25 ವರ್ಷ ಮೀರಿದ ಕಾರುಗಳನ್ನು ಯೋಜನೆಯಿಂದ ಹೊರಗಿಟ್ಟಿತ್ತು. ಹಳೆಯ ಎಂಜಿನ್ ಹೆಚ್ಚು ಹೊಗೆ ಉಗುಳುತ್ತದೆ ಎಂಬುದು ನಿಜ, ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಮುದಿ ಲಾರಿಗಳನ್ನು ನಿಲ್ಲಿಸುವುದು ನ್ಯಾಯವೇ. ಆದರೆ ಹಬ್ಬಕ್ಕೊಮ್ಮೆ ಹೊರಗೆ ಬರುವ ಕಾರನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಗಂಭೀರವಾದ ನಷ್ಟ ಸರ್ಕಾರಿ ವಾಹನಗಳದ್ದು. ಖಾಸಗಿ ವಾಹನಕ್ಕೆ ಪರೀಕ್ಷೆಯ ಅವಕಾಶವಾದರೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ 15 ವರ್ಷ ತುಂಬಿದ ಸರ್ಕಾರಿ ವಾಹನದ ನೋಂದಣಿಯನ್ನು ನವೀಕರಿಸುವಂತೆಯೇ ಇಲ್ಲ, ಅದನ್ನು ನೋಂದಾಯಿತ ಘಟಕದ ಮೂಲಕವೇ ಗುಜರಿಗೆ ಹಾಕಬೇಕು. ದೇಶದಲ್ಲಿ ಅಂತಹ ವಾಹನಗಳು ಒಂಬತ್ತು ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಸಾರಿಗೆ ಸಚಿವರು ಆ ವರ್ಷದ ಜನವರಿಯಲ್ಲಿ ಹೇಳಿದ್ದರು. ಮೊದಲಾದರೆ ಹಳೆಯ ಇಲಾಖಾ ಜೀಪು, ಗೂಟದ ಕಾರಾಗಿ ಮೆರೆದ ಅಂಬಾಸಿಡರ್ ಹರಾಜಿಗೆ ಬರುತ್ತಿದ್ದವು. ಯಾರೋ ಕೃಷಿಕರು, ಗ್ಯಾರೇಜಿನವರು ಕೊಂಡು ಮತ್ತೆ ಓಡಿಸುತ್ತಿದ್ದರು. ಆ ದಾರಿ ಈಗ ಮುಚ್ಚಿದೆ. ಊರಿನ ಗುಜರಿ ಅಂಗಡಿಯವನು ವಾಹನವನ್ನು ಬಿಚ್ಚಿ ಕಾರ್ಬೊರೇಟರ್, ಡೈನಮೊ, ಬಾಗಿಲು, ದೀಪದ ಬಳೆಗಳನ್ನು ಬೇರೆ ಬೇರೆ ಮಾರುತ್ತಿದ್ದುದರಿಂದ ಒಂದು ಕಾರಿನ ಸಾವು ಹತ್ತು ಕಾರುಗಳ ಆಯುಷ್ಯವಾಗುತ್ತಿತ್ತು. ಹೊಸ ಘಟಕದಲ್ಲಿ ಎಣ್ಣೆ ಬಸಿದು, ಚಾಸಿಯ ಸಂಖ್ಯೆಯ ತುಂಡನ್ನು ಕತ್ತರಿಸಿಟ್ಟುಕೊಂಡು, ಉಳಿದದ್ದನ್ನು ಲೋಹಕ್ಕಾಗಿ ಒಡೆಯುವುದೇ ಮುಖ್ಯ ಕೆಲಸ.

ಸಂರಕ್ಷಣೆಯ ಮಾದರಿಗೆ ಕರ್ನಾಟಕ ಹೊರಗೆ ನೋಡಬೇಕಾಗಿಲ್ಲ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹವನ್ನು ನಾಡಿನ ಜನ ಬಹುಕಾಲದಿಂದ ನೋಡುತ್ತ ಬಂದಿದ್ದಾರೆ. ಬೆಂಗಳೂರಿನ ವಿಂಟೇಜ್ ಕಾರು ಸಂಘದವರು ರ‍್ಯಾಲಿಗಳ ಮೂಲಕ ಅಭಿರುಚಿ ಬೆಳೆಸಿದ್ದಾರೆ. ದಾವಣಗೆರೆ ಜಿಲ್ಲೆಗೆ ಅಷ್ಟು ದೊಡ್ಡದು ಬೇಕಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ತಾಲ್ಲೂಕಿಗೊಂದರಂತೆ ಹಳೆಯ ಸರ್ಕಾರಿ ಜೀಪನ್ನು ಗುಜರಿ ಘಟಕಕ್ಕೆ ಕಳಿಸದೆ ಪ್ರದರ್ಶನಕ್ಕಾಗಿ ಉಳಿಸಿಕೊಳ್ಳಲು ರಾಜ್ಯ ಸರ್ಕಾರ ಕೇಂದ್ರದಿಂದ ವಿನಾಯಿತಿ ಪಡೆಯಲಿ. 30 ವರ್ಷ ದಾಟಿದ ಖಾಸಗಿ ವಾಹನಗಳಿಗೆ, ಎಂಜಿನ್ ಬದಲಾಗಿದ್ದರೂ, ಮಿತ ಓಡಾಟದ ಷರತ್ತಿನ ಮೇಲೆ ಕಡಿಮೆ ಶುಲ್ಕದ ವರ್ಗವೊಂದನ್ನು ರೂಪಿಸಲಿ. ಮನೆಯ ಕೊಟ್ಟಿಗೆಯಲ್ಲಿ ಅಂಬಾಸಿಡರನ್ನೋ ಜಾವಾವನ್ನೋ ನಿಲ್ಲಿಸಿಕೊಂಡಿರುವವರು ಗುಜರಿಯವರನ್ನು ಕರೆಯುವ ಮೊದಲು ಆರ್‌ಸಿ ಪುಸ್ತಕ ತೆರೆದು ಮೊದಲ ನೋಂದಣಿಯ ದಿನಾಂಕವನ್ನು ನೋಡಬೇಕು: 1976ಕ್ಕೆ ಮುಂಚಿನದಾಗಿದ್ದು ಮೂಲ ರೂಪದಲ್ಲೇ ಇದ್ದರೆ, ಅದನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಲು ಇಂದಿನ ಕಾನೂನಿನಲ್ಲೇ ಅವಕಾಶವಿದೆ.